ಡೈವಿಂಗ್ ಮಾಡಲಾಗದವರು ಮುಳುಗಿದ ಹಡಗುಗಳ ಮೇಲೆ ಸಂಶೋಧನೆ ಮಾಡಬಹುದಾ?

ದಿಕ್ಸೂಚಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೇನೆ. ಪಿಎಚ್.ಡಿ.ಗೆ ಮುಳುಗಿದ ಹಡಗುಗಳ ಮೇಲೆ ಕೆಲಸ ಮಾಡಬೇಕು ಅಂತ ತುಂಬಾ ಆಸೆ. 17 ಮತ್ತು 18ನೇ ಶತಮಾನದ ಸಮುದ್ರ ವ್ಯಾಪಾರ ನನ್ನ ಇಷ್ಟದ ವಿಷಯ. ಆದರೆ ಕಿವಿಯ ತೊಂದರೆ ಇರುವುದರಿಂದ ಡೈವಿಂಗ್ ಮಾಡಲೇಬಾರದು ಎಂದು ಡಾಕ್ಟರು ಹೇಳಿದ್ದಾರೆ. ಇದನ್ನು ಪ್ರಾಧ್ಯಾಪಕರೊಬ್ಬರ ಹತ್ತಿರ ಹೇಳಿದಾಗ ಅವರು "ಹಾಗಾದರೆ ಈ ವಿಷಯ ಬಿಟ್ಟುಬಿಡು" ಎಂದರು.

ನನಗೆ ಎರಡು ಅನುಮಾನ. ನೀರಿಗೆ ಇಳಿಯದವರು ಇಲ್ಲಿ ನಿಜವಾದ ಸಂಶೋಧನೆ ಮಾಡಬಹುದಾ, ಅಥವಾ ಬೇರೆಯವರು ತಂದದ್ದನ್ನು ಸುಮ್ನೆ ಪಟ್ಟಿ ಮಾಡುತ್ತಾ ಕೂರಬೇಕಾ? ಇನ್ನೊಂದು, ನನ್ನ ಕಾಲದ ಕಾಗದಪತ್ರಗಳು ರಾಶಿ ರಾಶಿ ಉಳಿದಿವೆ. ಹಡಗಿನ ದಿನಚರಿ, ಸರಕಿನ ಲೆಕ್ಕ, ವಿಚಾರಣೆಯ ಕಡತ ಎಲ್ಲಾ ಇದೆ. ಇಷ್ಟೆಲ್ಲ ಬರೆದಿಟ್ಟಿರುವಾಗ ಹಡಗನ್ನು ಅಗೆದರೆ ಹೊಸದೇನು ತಿಳಿಯುತ್ತದೆ? ಸಂದರ್ಶನದಲ್ಲಿ ಇದನ್ನು ಕೇಳಿದರೆ ಏನು ಹೇಳಲಿ?

ಉಪ್ಪುನೀರು:

ದಿಕ್ಸೂಚಿ ಅವರೇ, ವಿಷಯ ಬಿಡಬೇಡಿ. ಸಮುದ್ರದಿಂದ ಬಂದ ವಸ್ತುಗಳು ಹಾಳಾಗದಂತೆ ಉಳಿಸುವ ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡುತ್ತೇನೆ. ಕಬ್ಬಿಣ ಮತ್ತು ನೆಂದ ಮರ ನನ್ನ ಪಾಲಿಗೆ ಬಂದವು. ನಾನೂ ಡೈವಿಂಗ್ ಮಾಡುವವಳಲ್ಲ. ಆದರೆ ನನ್ನ ಮೇಜಿನ ಮೇಲೆ ನಡೆಯುವುದು ಸಂಶೋಧನೆಯೇ.

ಕಬ್ಬಿಣ ಸಮುದ್ರದಲ್ಲಿ ಬಿದ್ದು ತುಕ್ಕು ಹಿಡಿಯುವಾಗ ಅದರ ಸುತ್ತ ಮರಳು, ಚಿಪ್ಪು, ಸುಣ್ಣ ಎಲ್ಲ ಸೇರಿ ಕಲ್ಲಿನಂಥ ಮುದ್ದೆ ಕಟ್ಟುತ್ತದೆ. ನಾವು ಅದನ್ನು ಕಾಂಕ್ರೀಷನ್ ಅನ್ನುತ್ತೇವೆ. ಎಷ್ಟೋ ಸಲ ಒಳಗಿನ ಕಬ್ಬಿಣ ಪೂರ್ತಿ ಕರಗಿ ಹೋಗಿ, ಅದರ ಆಕಾರದ ಪೊಳ್ಳು ಮಾತ್ರ ಉಳಿದಿರುತ್ತದೆ. ಮೊದಲು ಎಕ್ಸ್-ರೇ ತೆಗೆಯುತ್ತೇವೆ. ಆಮೇಲೆ ಆ ಪೊಳ್ಳಿಗೆ ಎಪಾಕ್ಸಿ ಎಂಬ ಅಂಟಿನಂಥ ದ್ರವ ಸುರಿದು ಗಟ್ಟಿಯಾಗಲು ಬಿಡುತ್ತೇವೆ. ಹೊರಗಿನ ಮುದ್ದೆಯನ್ನು ಚೂರು ಚೂರೇ ಬಿಡಿಸಿದರೆ ಬಡಗಿಯ ಸುತ್ತಿಗೆಯೋ ಕೊಡಲಿಯೋ ಇದ್ದ ಹಾಗೇ ಕೈಗೆ ಬರುತ್ತದೆ. ಕೆಳಗೆ ಇಳಿದವರು ನೋಡಿದ್ದು ಒಂದು ಮುದ್ದೆ. ಅದು ಸುತ್ತಿಗೆ ಎಂದು ಗೊತ್ತಾದದ್ದು ನೆಲದ ಮೇಲೆ.

ಜಮೈಕಾದ ಪೋರ್ಟ್ ರಾಯಲ್ ನೋಡಿ. 1692ರ ಜೂನ್ 7ರಂದು ಭೂಕಂಪವಾಗಿ ಊರಿನ ಬಹುಪಾಲು ಸಮುದ್ರಕ್ಕೆ ಜಾರಿತು. ಅಲ್ಲಿ ಒಂದು ಜೇಬು ಗಡಿಯಾರ ಸಿಕ್ಕಿತು. ಅದರ ಮುಳ್ಳುಗಳು ಕರಗಿ ಹೋಗಿದ್ದವು. ಎಕ್ಸ್-ರೇ ತೆಗೆದಾಗ ಅವು ನಿಂತಿದ್ದ ಜಾಗದ ಗುರುತು ಕಂಡಿತು: 11 ಗಂಟೆ 43 ನಿಮಿಷ. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಊರು ಕುಸಿಯಿತು ಎಂದು ಬದುಕುಳಿದವರು ಬರೆದಿದ್ದರು. ಅದಕ್ಕೆ ಗಡಿಯಾರ ಸರಿಯಾಗಿ ತಾಳೆಯಾಯಿತು.

ಮರದ ಕಥೆ ಇನ್ನೂ ಉದ್ದ. ನೂರಾರು ವರ್ಷ ನೀರಲ್ಲಿದ್ದ ಮರದ ಜೀವಕೋಶಗಳು ಒಳಗೆ ತುಂಬಿದ ನೀರಿನ ಬಲದಿಂದ ಮಾತ್ರ ನಿಂತಿರುತ್ತವೆ. ಹಾಗೇ ಒಣಗಲು ಬಿಟ್ಟರೆ ಹಲಗೆ ಕುಗ್ಗಿ, ಸೀಳಿ, ತಿರುಚಿಕೊಳ್ಳುತ್ತದೆ. ಅದಕ್ಕೇ ನೀರಿನ ಜಾಗಕ್ಕೆ ನಿಧಾನವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವನ್ನು ಸೇರಿಸುತ್ತಾರೆ. ಸ್ವೀಡನ್ನಿನ ವಾಸಾ ಹಡಗು 1628ರಲ್ಲಿ ಮೊದಲ ಪಯಣದಲ್ಲೇ ಮುಳುಗಿತು. 1961ರಲ್ಲಿ ಅದನ್ನು ಎತ್ತಿದರು. ಆಮೇಲೆ 17 ವರ್ಷ ಈ ದ್ರಾವಣ ಸಿಂಪಡಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. 2000ದಲ್ಲಿ ಮರದ ಮೇಲೆ ಆಮ್ಲದ ಲವಣ ಹರಳುಗಟ್ಟಿದ್ದು ಕಂಡಿತು. ಬಂದರಿನ ಕೊಳಕು ನೀರಿನಿಂದ ಮರದೊಳಗೆ ಸೇರಿದ್ದ ಗಂಧಕ, ಗಾಳಿ ತಾಗಿ ಸಲ್ಫ್ಯೂರಿಕ್ ಆಮ್ಲವಾಗುತ್ತಿತ್ತು. ತುಕ್ಕು ಹಿಡಿದ ಬೋಲ್ಟುಗಳ ಕಬ್ಬಿಣ ಅದಕ್ಕೆ ಇಂಬು ಕೊಡುತ್ತಿತ್ತು. ಮುಂದೆ 5,000ಕ್ಕೂ ಜಾಸ್ತಿ ಬೋಲ್ಟುಗಳನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಿದರು.

ಅಮೆರಿಕದ ಮಾನಿಟರ್ ಹಡಗಿನ ಫಿರಂಗಿ ಗೋಪುರವನ್ನು 2002ರಲ್ಲಿ ಮೇಲೆ ತಂದರು. ಇಪ್ಪತ್ತು ವರ್ಷ ಕಳೆದ ಮೇಲೂ ಅದು ಉಪ್ಪು ಬಿಡಿಸುವ ತೊಟ್ಟಿಯಲ್ಲೇ ಇತ್ತು. ಕಬ್ಬಿಣದೊಳಗೆ ಉಪ್ಪಿನ ಕ್ಲೋರೈಡ್ ಉಳಿದರೆ, ತೊಳೆದು ಒಣಗಿಸಿ ಇಟ್ಟ ಫಿರಂಗಿ ಗುಂಡು ಕೂಡ ಹಕ್ಕಳೆ ಹಕ್ಕಳೆಯಾಗಿ ಉದುರಿ ಹೋಗುತ್ತದೆ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ತೊಟ್ಟಿ, ಹಣ, ದಶಕಗಟ್ಟಲೆ ನೋಡಿಕೊಳ್ಳುವ ಜನ ಇಲ್ಲದಿದ್ದರೆ ಒಂದು ಹಲಗೆಯನ್ನೂ ಮೇಲೆ ತರಬಾರದು. ಕೆಸರಿನಡಿ ಆಮ್ಲಜನಕ ಇಲ್ಲ. ಮರ ಕೊರೆಯುವ ಹಡಗುಹುಳ ಅಲ್ಲಿ ಬದುಕುವುದಿಲ್ಲ. ಎಷ್ಟೋ ಹಡಗುಗಳಿಗೆ ನಾವು ಕೊಡಬಹುದಾದ ಯಾವ ಕಟ್ಟಡಕ್ಕಿಂತಲೂ ಆ ಕೆಸರೇ ಮೇಲು. ನೀರಿನಡಿಯ ಪರಂಪರೆಯ ಬಗ್ಗೆ ಯುನೆಸ್ಕೋದ 2001ರ ಒಪ್ಪಂದ ಕೂಡ ಇದ್ದಲ್ಲೇ ಉಳಿಸುವುದನ್ನೇ ಮೊದಲು ಯೋಚಿಸಿ ಎನ್ನುತ್ತದೆ.

ಹಾಗಾಗಿ ನಿಮ್ಮ ಕಿವಿ ಅಡ್ಡಿಯಲ್ಲ. ಈಗಾಗಲೇ ಮೇಲೆ ಬಂದು, ಯಾರೂ ಸರಿಯಾಗಿ ನೋಡದೆ ಉಳಿದ ವಸ್ತುಗಳು ಬೇಕಾದಷ್ಟಿವೆ. ಅವನ್ನು ಓದುವವರು ಬೇಕು.

ಹಳೆಕಡತ:

ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನಾನು ದಫ್ತರಗಳಲ್ಲಿ ಕೂತು ಹಳೆಯ ಕಾಗದ ಓದುವವನು. ಕಾಗದದ ಮೇಲೆ ನನಗೆ ಪ್ರೀತಿ ಇದೆ. ಆದರೆ ಅದನ್ನು ಬರೆದವರು ಯಾರು, ಯಾರಿಗಾಗಿ ಬರೆದರು ಎಂಬುದನ್ನು ಮರೆಯಬಾರದು ಅಲ್ವಾ.

ನನಗೆ ತುಂಬಾ ತಟ್ಟಿದ ಉದಾಹರಣೆ ಸಾವೊ ಜೋಸೆ. ಇದು ಪೋರ್ಚುಗೀಸ್ ಹಡಗು. ಮೊಜಾಂಬಿಕ್‌ನಿಂದ ಬ್ರೆಜಿಲ್‌ಗೆ ಗುಲಾಮರನ್ನು ಸಾಗಿಸುತ್ತಿತ್ತು. 1794ರ ಡಿಸೆಂಬರ್‌ನಲ್ಲಿ ಕೇಪ್‌ಟೌನ್ ಹತ್ತಿರ ಒಡೆದುಹೋಯಿತು. 200ಕ್ಕೂ ಜಾಸ್ತಿ ಬಂದಿಗಳು ಸತ್ತರು. ಬದುಕಿದವರನ್ನು ಅಲ್ಲೇ ಮತ್ತೆ ಮಾರಿದರು. 1980ರ ದಶಕದಲ್ಲಿ ನಿಧಿ ಹುಡುಕುವವರ ಕಣ್ಣಿಗೆ ಆ ಅವಶೇಷ ಬಿದ್ದಿತ್ತು. ಅವರು ಅದನ್ನು ಯಾವುದೋ ಡಚ್ ಹಡಗು ಎಂದುಕೊಂಡು ಸುಮ್ಮನಾದರು.

ಆಮೇಲೆ ಸಂಶೋಧಕರಿಗೆ ಕೇಪ್‌ಟೌನ್ ದಫ್ತರದಲ್ಲಿ ಕ್ಯಾಪ್ಟನ್ ಕೊಟ್ಟ ಹೇಳಿಕೆ ಸಿಕ್ಕಿತು. ಲಿಸ್ಬನ್‌ನ ದಾಖಲೆಯಲ್ಲಿ ಹಡಗು ಅಲ್ಲಿಂದ ಹೊರಡುವಾಗ ಸುಮಾರು 1,400 ಕಬ್ಬಿಣದ ಗಟ್ಟಿಗಳನ್ನು ಹೇರಿಕೊಂಡಿತ್ತು ಎಂದಿತ್ತು. ಸಮುದ್ರದ ತಳದಲ್ಲೂ ಅಂಥವೇ ಗಟ್ಟಿಗಳು ಸಿಕ್ಕವು. ಕಬ್ಬಿಣ ಯಾಕೆ ಬೇಕಿತ್ತು? ಸರಕಿನ ಜಾಗದಲ್ಲಿ ಮನುಷ್ಯರನ್ನು ತುಂಬಿದರೆ ತೂಕ ಸಾಲುವುದಿಲ್ಲ, ತೂಕ ಒಂದೇ ಕಡೆ ನಿಲ್ಲುವುದೂ ಇಲ್ಲ. ಹಡಗು ವಾಲದೆ ನಿಲ್ಲಲು ಅಡಿಯಲ್ಲಿ ಭಾರ ಬೇಕು. ಆ ಗಟ್ಟಿಗಳು ಅಲ್ಲಿ ಇದ್ದದ್ದು ಮನುಷ್ಯರನ್ನು ಸರಕು ಮಾಡಿದ್ದಕ್ಕೇ. 2015ರಲ್ಲಿ ಹಡಗಿನ ಗುರುತನ್ನು ಪ್ರಕಟಿಸಿದರು. ಗುರುತು ಹಿಡಿಯಲು ದಫ್ತರದಲ್ಲಿ ಕೂತವರೂ ಬೇಕಾಯಿತು, ನೀರಿಗೆ ಇಳಿದವರೂ ಬೇಕಾಯಿತು.

ಇನ್ನು ವಾಸಾ. ಮುಳುಗಿದ ಮೇಲೆ ವಿಚಾರಣೆ ನಡೆಯಿತು. ಯಾರಿಗೂ ಶಿಕ್ಷೆ ಆಗಲಿಲ್ಲ. ಹಡಗು ಮೇಲೆ ಬಂದ ನಂತರ ಅದರೊಳಗೆ ಕೆಲಸಗಾರರ ನಾಲ್ಕು ಅಳತೆಪಟ್ಟಿಗಳು ಸಿಕ್ಕವು. ಎರಡರಲ್ಲಿ ಅಡಿಗೆ 12 ಇಂಚಿನ ಸ್ವೀಡನ್ ಅಳತೆ. ಇನ್ನೆರಡರಲ್ಲಿ ಅಡಿಗೆ 11 ಇಂಚಿನ ಆಮ್‌ಸ್ಟರ್‌ಡ್ಯಾಮ್ ಅಳತೆ. ಹಡಗಿನ ಮೈಯನ್ನು ಅಳೆದಾಗ ಎರಡೂ ಬದಿ ಒಂದೇ ಥರ ಇಲ್ಲ ಎಂದು ಗೊತ್ತಾಯಿತು. ಮುಳುಗಿದ್ದಕ್ಕೆ ಮುಖ್ಯ ಕಾರಣ ಮೇಲ್ಭಾಗದ ಅತಿಯಾದ ಭಾರ, ನಿಜ. ಆದರೆ ಹಡಗು ಕಟ್ಟುವ ಜಾಗದಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ತಿಳಿಯಲು ಆ ಪಟ್ಟಿಗಳು ಬೇಕಾಯಿತು. ಬಡಗಿಗಳು ತಮ್ಮ ಕೆಲಸವನ್ನು ಬರೆದಿಡುತ್ತಿರಲಿಲ್ಲ.

ಬಾಯಿಮಾತನ್ನೂ ಬಿಡಬೇಡಿ. ಬ್ರಿಟಿಷ್ ನೌಕಾಪಡೆಯ ಫ್ರಾಂಕ್ಲಿನ್ ನೇತೃತ್ವದಲ್ಲಿ 1845ರಲ್ಲಿ ಉತ್ತರ ಧ್ರುವ ಪ್ರದೇಶದ ಕಡೆಗೆ ಹೋದ ಎರೆಬಸ್ ಮತ್ತು ಟೆರರ್ ಹಡಗುಗಳು ಕಾಣೆಯಾದವು. 129 ಜನರಲ್ಲಿ ಒಬ್ಬರೂ ಮರಳಲಿಲ್ಲ. ಹಡಗು ಎಲ್ಲಿ ಕಂಡಿತ್ತು ಎಂದು ಅಲ್ಲಿನ ಮೂಲನಿವಾಸಿಗಳಾದ ಇನೂಯಿಟ್ ಜನ ತಲೆಮಾರುಗಳಿಂದ ಹೇಳುತ್ತಲೇ ಬಂದಿದ್ದರು. 2014ರಲ್ಲಿ ಎರೆಬಸ್ ಸಿಕ್ಕಿದಾಗ ಅವರ ಮಾತು ನಿಜವಾಯಿತು. 2016ರಲ್ಲಿ ಟೆರರ್ ಸಿಕ್ಕಿತು.

ಆಳದಂಚು:

ನಾನು ನೀರಿಗೆ ಇಳಿಯುವವನು. ಮೇಲಿನ ಇಬ್ಬರ ಮಾತೂ ಸರಿ, ಆದರೆ ಒಂದು ಕಡೆ ನನ್ನ ಒಪ್ಪಿಗೆ ಇಲ್ಲ.

1960ರಲ್ಲಿ ಟರ್ಕಿಯ ಗೆಲಿಡೋನ್ಯಾ ಭೂಶಿರದ ಹತ್ತಿರ ಜಾರ್ಜ್ ಬಾಸ್ ಕೆಲಸ ಶುರು ಮಾಡುವ ಮುಂಚೆ, ಸಾಮಾನ್ಯವಾಗಿ ಡೈವರ್‌ಗಳು ವಸ್ತು ತಂದುಕೊಡುತ್ತಿದ್ದರು, ಪುರಾತತ್ವದವರು ದೋಣಿಯಲ್ಲೇ ಕೂರುತ್ತಿದ್ದರು. ಬಾಸ್ ಆಗ ಸಂಶೋಧನಾ ವಿದ್ಯಾರ್ಥಿ. ಅಗೆಯುವವನೇ ಕೆಳಗೆ ಇಳಿಯಬೇಕು, ನೆಲದ ಮೇಲಿನ ಉತ್ಖನನಕ್ಕೆ ಇರುವ ಶಿಸ್ತೇ ನೀರಲ್ಲೂ ಬೇಕು ಎಂದು ಅವರು ಪಟ್ಟು ಹಿಡಿದರು. ಆ ಪಟ್ಟಿನಿಂದಲೇ ಈ ವಿದ್ಯೆ ನಿಧಿ ಹುಡುಕಾಟದಿಂದ ಬೇರೆಯಾಯಿತು. ಯಾವುದು ಯಾವುದರ ಪಕ್ಕದಲ್ಲಿತ್ತು, ಯಾವುದರ ಕೆಳಗಿತ್ತು ಎಂಬುದು ಅಲ್ಲಿ ಕಣ್ಣಿಟ್ಟವರಿಗೇ ಗೊತ್ತಾಗುತ್ತದೆ. ಈ ಹಠವನ್ನು ಹಗುರವಾಗಿ ಕಾಣಬಾರದು.

ಹಾಗಂತ ದಿಕ್ಸೂಚಿ ಅವರಿಗೆ ಬಾಗಿಲು ಮುಚ್ಚಿಲ್ಲ. ಉತ್ಖನನದ ಮುಂದಾಳು ಆಗುವುದು ಕಷ್ಟ, ಅಷ್ಟೇ. ಟರ್ಕಿಯದೇ ಉಳುಬುರುನ್ ನೋಡಿ. ಸುಮಾರು 3,300 ವರ್ಷ ಹಳೆಯ ಹಡಗು, 44ರಿಂದ 61 ಮೀಟರ್ ಆಳ. 1984ರಿಂದ 1994ರವರೆಗೆ ಕೆಲಸ ನಡೆಯಿತು. 22,000ಕ್ಕೂ ಜಾಸ್ತಿ ಸಲ ಇಳಿದರು. ಒಬ್ಬೊಬ್ಬರಿಗೆ ದಿನಕ್ಕೆ ಎರಡು ಸಲ, ಸಲಕ್ಕೆ ಸುಮಾರು 20 ನಿಮಿಷ. ಅಷ್ಟರಲ್ಲಿ ಯೋಚಿಸಲು ಪುರಸೊತ್ತು ಎಲ್ಲಿದೆ? ಅಳೆದು, ಬರೆದು, ಫೋಟೋ ತೆಗೆದು ಮೇಲೆ ಬರಬೇಕು. ಹತ್ತು ಟನ್ ತಾಮ್ರ, ಒಂದು ಟನ್ ತವರ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತ್ತು ಎಂಬ ಚರ್ಚೆ ನಡೆದದ್ದು ಮೇಲೆ. ಈಗಂತೂ ಸಾವಿರಾರು ಫೋಟೋ ಸೇರಿಸಿ ಮೂರು ಆಯಾಮದ ಮಾದರಿ ಮಾಡುತ್ತಾರೆ. ಅದನ್ನು ತಾಳ್ಮೆಯಿಂದ ಓದುವ ಕೆಲಸ ಪೂರ್ತಿ ಮೇಲಿನದೇ. ಆದರೆ ಒಂದು ಸಲವಾದರೂ ಉತ್ಖನನದ ದೋಣಿಯಲ್ಲಿ ಕೂತು, ಕೆಳಗಿನಿಂದ ಬಂದ ಟಿಪ್ಪಣಿ ಹೇಗಿರುತ್ತದೆ ಎಂದು ನೋಡಿ. ಅದರಲ್ಲಿ ಎಲ್ಲಿ ಅನುಮಾನ ಪಡಬೇಕು ಎಂದು ತಿಳಿಯುತ್ತದೆ.

ಉಪ್ಪುನೀರು:

ಆಳದಂಚು ಅವರ ಮಾತು ಒಪ್ಪುತ್ತೇನೆ. ಸಿಕ್ಕ ಜಾಗದ ಟಿಪ್ಪಣಿ ಇಲ್ಲದೆ ಬಂದ ಮುದ್ದೆಯಿಂದ ನನಗೂ ಅರ್ಧ ವಿಷಯವೇ ಸಿಗುತ್ತದೆ.

ದಿಕ್ಸೂಚಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳಲಾ? ಡಚ್ ಈಸ್ಟ್ ಇಂಡಿಯಾ ಕಂಪನಿಯ ಗೆಲ್ಡರ್‌ಮಾಲ್ಸನ್ ಹಡಗು 1752ರಲ್ಲಿ ಮುಳುಗಿತು. ಅದರ ಚೀನೀ ಪಿಂಗಾಣಿಯ ಚಿತ್ರಗಳು ಹರಾಜಿನ ಪುಸ್ತಕಗಳಲ್ಲಿ ಸುಲಭವಾಗಿ ಸಿಗುತ್ತವೆ. ಅದನ್ನೇ ವಿಷಯ ಮಾಡಿಕೊಳ್ಳಬಹುದಾ?

ಉಪ್ಪುನೀರು:

ನನ್ನ ಸಲಹೆ ಬೇಡ ಎಂದೇ. 1985ರಲ್ಲಿ ಅದನ್ನು ಎತ್ತಿದ್ದು ಮಾರಾಟಕ್ಕಾಗಿ. 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜಾಯಿತು. ಒಂದು ಲಕ್ಷಕ್ಕೂ ಜಾಸ್ತಿ ಪಿಂಗಾಣಿ ಸಾಮಾನು ಮನೆ ಮನೆಗೆ ಚದುರಿತು. ಹಡಗಿನ ಮೈ ಹೇಗಿತ್ತು, ಸರಕನ್ನು ಹೇಗೆ ಜೋಡಿಸಿದ್ದರು ಎಂಬುದಕ್ಕೆ ತಕ್ಕ ದಾಖಲೆ ಉಳಿಯಲಿಲ್ಲ. ಹಾಗೆ ಬಂದದ್ದನ್ನೂ ಓದದೆ ಬಿಟ್ಟರೆ ಎರಡು ಸಲ ಕಳೆದುಕೊಂಡಂತೆ ಎಂದು ವಾದಿಸುವ ಒಳ್ಳೆಯ ವಿದ್ವಾಂಸರು ಇದ್ದಾರೆ. ಆ ವಾದದಲ್ಲಿ ಹುರುಳಿದೆ. ಆದರೆ ಮೊದಲ ಸಂಶೋಧನೆಯನ್ನೇ ಅಂಥ ನೆಲದ ಮೇಲೆ ಕಟ್ಟಬೇಡಿ. ನಾಳೆ ನಿಮ್ಮ ಪ್ರಬಂಧ ಹರಾಜಿನ ಬೆಲೆ ಏರಿಸಲು ಬಳಕೆಯಾದರೆ ನಿಮಗೇ ನೋವಾಗುತ್ತದೆ.

ಅದರ ಬದಲು ಲಾ ಬೆಲ್ ನೋಡಿ. ಅನ್ವೇಷಕ ಲಾ ಸಾಲ್ ಅವರ ಫ್ರೆಂಚ್ ಹಡಗು, 1686ರಲ್ಲಿ ಈಗಿನ ಟೆಕ್ಸಾಸ್ ತೀರದಲ್ಲಿ ಮುಳುಗಿತು. 1995ರಲ್ಲಿ ಸಿಕ್ಕಿತು. ಸುತ್ತ ಉಕ್ಕಿನ ಗೋಡೆ ಕಟ್ಟಿ, ನೀರು ಹೊರಹಾಕಿ, 1996-97ರಲ್ಲಿ ಒಣ ನೆಲದಂತೆ ಅಗೆದರು. ಹೊಸ ವಸಾಹತಿಗೆಂದು ತುಂಬಿಸಿದ ಪೆಟ್ಟಿಗೆಗಳು, ಅವುಗಳೊಳಗಿನ ಮಣಿ, ಗಂಟೆ, ಕೊಡಲಿ, ಬಂದೂಕು ಎಲ್ಲವೂ ಯಾವ ಜಾಗದಲ್ಲಿ ಇದ್ದವು ಎಂಬ ದಾಖಲೆ ಇದೆ. ವ್ಯಾಪಾರ ನಿಮ್ಮ ವಿಷಯ ಅಲ್ವಾ? ಪ್ರಶ್ನೆ ಅಲ್ಲಿಂದ ಹುಟ್ಟಲಿ.

ಹಳೆಕಡತ:

ಇನ್ನೂ ಚಿಕ್ಕದಾಗಿ ಶುರು ಮಾಡಬೇಕು ಅನ್ನಿಸಿದರೆ ಮಣ್ಣಿನ ಹೊಗೆಪೈಪು ಹಿಡಿಯಿರಿ. ಬೇಗ ಒಡೆಯುವ ಸಾಮಾನು, ಹಾಗಾಗಿ 17-18ನೇ ಶತಮಾನದ ನೆಲೆಗಳಲ್ಲಿ, ಹಡಗುಗಳಲ್ಲಿ ತುಂಡುಗಳು ಧಾರಾಳ. ಇಂಗ್ಲಿಷ್ ಪೈಪುಗಳ ಕೊಳವೆಯ ತೂತು ಕಾಲ ಕಳೆದಂತೆ ಸಣ್ಣದಾಗುತ್ತಾ ಬಂತು ಎಂದು ಪುರಾತತ್ವಜ್ಞ ಜೆ.ಸಿ. ಹ್ಯಾರಿಂಗ್ಟನ್ 1954ರಲ್ಲಿ ತೋರಿಸಿದರು. ಹಾಗಾಗಿ ತೂತು ಅಳೆದು ಆ ನೆಲೆಯ ಕಾಲವನ್ನು ಅಂದಾಜು ಮಾಡಬಹುದು. 1600ರ ಆಸುಪಾಸಿನಲ್ಲಿ ಇಂಚಿನ 64ರಲ್ಲಿ 9 ಭಾಗ ಇದ್ದದ್ದು, 1750ರ ನಂತರ 4 ಭಾಗಕ್ಕೆ ಇಳಿಯಿತು. ಒಂದೆರಡು ತುಂಡು ಸಾಲದು, ರಾಶಿ ಬೇಕು. ಡಚ್ ಪೈಪುಗಳಿಗೆ ಇದೇ ಲೆಕ್ಕ ಕೂರುವುದಿಲ್ಲ, ಆದ್ದರಿಂದ ಮೊದಲು ಪೈಪು ಯಾವ ದೇಶದ್ದು ಎಂದು ವಿಂಗಡಿಸಿ. ಅಳೆಯಲು ಇಂಚಿನ 64ನೇ ಭಾಗದ ಲೆಕ್ಕದಲ್ಲಿ ಬರುವ ಡ್ರಿಲ್ ಬಿಟ್‌ಗಳನ್ನೇ ತೂತಿಗೆ ತೂರಿಸಿ ನೋಡಿ. ಮಿಲಿಮೀಟರ್‌ನಲ್ಲಿ ಅಳೆದರೆ ಹಳೆಯ ವರದಿಗಳ ಪಟ್ಟಿ ಜೊತೆ ಹೋಲಿಸುವಾಗ ಪೇಚಾಗುತ್ತದೆ.