ಅಣ್ಣನಿಗೆ ಕ್ಯಾನ್ಸರ್, ಇನ್ನು ಹಾಲು ಕರೆಯೋರು ಯಾರು? ನರ್ಸ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಸಿಸ್ಟರ್, ನಮಸ್ಕಾರ. ನಮ್ಮ ಪಕ್ಕದ ಹೊಲದ ಅಣ್ಣನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಮುಗಿದಿದೆ, ಈಗ ಕೀಮೋ ಶುರುವಾಗಿದೆ. ಮನೆಯಲ್ಲಿ ಅತ್ತಿಗೆ, ಹತ್ತನೇ ಕ್ಲಾಸಿನ ಮಗ, ವಯಸ್ಸಾದ ತಾಯಿ ಇದ್ದಾರೆ. ಕರೆಯುವ ಹಸು ನಾಲ್ಕು, ಹೊಲದಲ್ಲಿ ಬೆಳೆ ನಿಂತಿದೆ. ಅಕ್ಕಪಕ್ಕದ ಏಳೆಂಟು ಮನೆಯವರು ಹೋಗಿ "ಏನು ಬೇಕಾದರೂ ಹೇಳಿ, ನಾವಿದ್ದೇವೆ" ಅಂತ ಹೇಳಿ ಬಂದೆವು. ಮೂರು ವಾರವಾಯಿತು, ಅವರು ಏನೂ ಕೇಳಿಲ್ಲ. ನಮ್ಮ ಮೇಲೆ ಏನಾದರೂ ಬೇಜಾರಿದೆಯಾ ಅನ್ನಿಸುತ್ತಿದೆ. ನೀವು ಮನೆಮನೆಗೆ ಹೋಗಿ ಇಂಥ ರೋಗಿಗಳನ್ನು ನೋಡಿಕೊಳ್ಳುವವರು, ನಾವೇನು ಮಾಡಬೇಕು ಹೇಳಿ.

ಉತ್ತರ: ಬೇಜಾರೇನೂ ಇರುವುದಿಲ್ಲ. ಕೇಳುವುದೂ ಒಂದು ಕೆಲಸ ಅಲ್ವಾ? ಯಾರನ್ನು ಕೇಳಲಿ, ಅವರಿಗೆ ಬಿಡುವಿದೆಯೋ ಇಲ್ಲವೋ, ಹೋದ ಸಲವೂ ಅವರೇ ಬಂದಿದ್ದರಲ್ಲ, ಇಷ್ಟೆಲ್ಲ ಲೆಕ್ಕ ಹಾಕುವ ಶಕ್ತಿ ನಿಮ್ಮ ಅತ್ತಿಗೆಗೆ ಈಗ ಉಳಿದಿಲ್ಲ. "ಏನು ಬೇಕು" ಅನ್ನುವುದನ್ನು ಬಿಡಿ. "ಮಂಗಳವಾರ, ಶುಕ್ರವಾರ ಸಂಜೆ ಹಾಲು ನಾನು ಕರೀತೀನಿ, ಆಗಬಹುದಾ?" ಅಂತ ಕೇಳಿ. ಹೂಂ ಅಥವಾ ಬೇಡ, ಅವರು ಹೇಳಬೇಕಾದದ್ದು ಅಷ್ಟೇ.

ಮೊದಲು ಹಸುವಿನ ಕೆಲಸ ಹಂಚಿಕೊಳ್ಳಿ. ಕಳೆ ಎರಡು ದಿನ ಕಾಯುತ್ತದೆ, ಕೆಚ್ಚಲು ಕಾಯುವುದಿಲ್ಲ. ಹಾಲು ಪೂರ್ತಿ ಇಳಿಸದೆ ಬಿಟ್ಟರೆ, ಹೊತ್ತು ತಪ್ಪಿದರೆ ಕೆಚ್ಚಲು ಬಾವು ಬರಬಹುದು, ಆಮೇಲೆ ಅದಕ್ಕೊಂದು ಡಾಕ್ಟರ ಖರ್ಚು. ಒಂದು ನೋಟ್‌ಬುಕ್ ಇಟ್ಟು ಕೊಟ್ಟಿಗೆಯ ಬಾಗಿಲಿಗೆ ನೇತುಹಾಕಿ. ಯಾವ ಹಸು ಒದೆಯುತ್ತದೆ, ಯಾವುದಕ್ಕೆ ಎಷ್ಟು ಹಿಂಡಿ, ಯಾವುದು ಗಬ್ಬ ಎಲ್ಲ ಅದರಲ್ಲಿರಲಿ. ಯಾವುದಕ್ಕೆ ಇಂಜೆಕ್ಷನ್ ಆಗಿದೆ ಅನ್ನುವುದನ್ನಂತೂ ದಪ್ಪಕ್ಷರದಲ್ಲಿ ಬರೆಯಿರಿ. ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ಹೇಳಿದಷ್ಟು ದಿನ ಮಾರಾಟಕ್ಕೆ ಹಾಕಬಾರದು. ಹೊಸದಾಗಿ ಬಂದವರಿಗೆ ಅದು ಹೇಗೆ ಗೊತ್ತಾಗಬೇಕು?

ಪ್ರಶ್ನೆ: ಸರಿ ಸಿಸ್ಟರ್. ಆದರೆ ಅಣ್ಣ ಕೇಳುವುದೇ ಇಲ್ಲ. ಸ್ವಲ್ಪ ಆರಾಮ ಅನ್ನಿಸಿದರೆ ಕೊಟ್ಟಿಗೆಗೆ ಹೋಗಿ ನಿಲ್ಲುತ್ತಾರೆ. ಹೋಗಬಹುದಾ?

ಉತ್ತರ: ಯಾವ ದಿನ ಅನ್ನುವುದರ ಮೇಲಿದೆ. ಕೀಮೋ ಆದ ಮೊದಲ ಮೂರ್ನಾಲ್ಕು ದಿನ ವಾಕರಿಕೆ, ಸುಸ್ತು. ಅವರೇ ಏಳುವುದಿಲ್ಲ. ನನಗೆ ಭಯ ಆಮೇಲಿನ ದಿನಗಳದ್ದು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ತೀರಾ ಕಡಿಮೆಯಾಗುವುದು ಸಾಮಾನ್ಯವಾಗಿ 7ನೇ ದಿನದಿಂದ 14ನೇ ದಿನದೊಳಗೆ. ಮುಖದಲ್ಲಿ ಕಳೆ ಬಂದಿರುತ್ತದೆ, ಊಟ ಸೇರುತ್ತದೆ, "ಸುಮ್ನೆ ಹಸು ನೋಡಿ ಬರ್ತೀನಿ" ಅಂತ ಏಳುವುದೂ ಸರಿಯಾಗಿ ಅದೇ ಹೊತ್ತಿಗೆ. ಬೂಷ್ಟು ಹಿಡಿದ ಹುಲ್ಲು, ಒಣಮೇವಿನ ಧೂಳು, ಕೆದಕಿದ ಗೊಬ್ಬರ, ಇದರಲ್ಲೆಲ್ಲ ಇರುವ ಶಿಲೀಂಧ್ರದ ಬೀಜಕಣ ನಮಗೆ ನಿಮಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ, ಅವರ ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಸಗಣಿ ಬಾಚುವುದು, ಕರು ಹಾಕಿಸುವುದು, ಔಷಧಿ ಹೊಡೆಯುವುದು ಮೂರೂ ಬೇಡವೇ ಬೇಡ. ಕಾಯಿಸದ ಹಾಲನ್ನೂ ಕುಡಿಯಬಾರದು. ಹೊಲದ ಬದುವಿನ ಮೇಲೆ ಬೂಟು ಹಾಕಿಕೊಂಡು ಒಂದು ಸುತ್ತು ಓಡಾಡಿ ಬರುವುದಾದರೆ ಡಾಕ್ಟರನ್ನು ಕೇಳಿ. ಹೆಚ್ಚಿನವರು ಬೇಡ ಅನ್ನುವುದಿಲ್ಲ.

ಜ್ವರದ ವಿಷಯ ಮಾತ್ರ ಎಲ್ಲ ಮನೆಯವರಿಗೂ ಗೊತ್ತಿರಲಿ. ಥರ್ಮಾಮೀಟರ್ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಆ ಕ್ಷಣವೇ ಆಸ್ಪತ್ರೆ. ಬೆಳಗಾಗಲಿ ಅಂತ ಕಾಯುವುದಾಗಲಿ, ಮಾತ್ರೆ ನುಂಗಿ ನೋಡುವುದಾಗಲಿ ಕೂಡದು. ಮಾತ್ರೆ ಜ್ವರವನ್ನು ಮುಚ್ಚುತ್ತದೆ, ಸೋಂಕು ಒಳಗೆ ಏರುತ್ತಲೇ ಇರುತ್ತದೆ. ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಗಾಡಿ ತರುವವರು ಯಾರು ಅನ್ನುವುದನ್ನು ಇವತ್ತೇ ಗೊತ್ತು ಮಾಡಿ, ಅವರ ನಂಬರನ್ನು ಗೋಡೆ ಮೇಲೆ ಬರೆದಿಡಿ.

ಇನ್ನೊಂದು. ಕರುಳಿನ ಕ್ಯಾನ್ಸರಿಗೆ ಆಕ್ಸಾಲಿಪ್ಲಾಟಿನ್ ಅನ್ನುವ ಔಷಧಿ ಕೊಡುವುದುಂಟು. ಅದನ್ನು ಕೊಟ್ಟಿದ್ದರೆ ತಣ್ಣೀರು, ತಣ್ಣನೆಯ ಕಬ್ಬಿಣ ಮುಟ್ಟಿದ ಕೂಡಲೇ ಬೆರಳಿಗೆ ಕರೆಂಟ್ ಹೊಡೆದ ಹಾಗಾಗುತ್ತದೆ. ಬೆಳಗಿನ ಜಾವ ಹಾಲಿನ ಕ್ಯಾನ್ ಹಿಡಿಯುವುದನ್ನು ನೆನೆಸಿಕೊಳ್ಳಿ. ಕೀಮೋ ಸುತ್ತುಗಳು ಹೆಚ್ಚಾದಂತೆ ಕೈಕಾಲು ಜೋಮು ಹಿಡಿಯುತ್ತದೆ. ಕುಡುಗೋಲು ತಾಗಿದರೂ, ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗದಿರಬಹುದು. ಇದನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು, ಡೋಸ್ ಬದಲಿಸುತ್ತಾರೆ. ರೈತರು ಇದನ್ನು ಹೇಳಿಕೊಳ್ಳುವುದೇ ಇಲ್ಲ, ಕೆಲಸದ ಕೈ ಅಂದ ಮೇಲೆ ಇದ್ದದ್ದೇ ಅಂದುಕೊಳ್ಳುತ್ತಾರೆ.

ಇನ್ನೊಬ್ಬರ ಪ್ರಶ್ನೆ: ನಾನೂ ಅದೇ ಊರಿನವನು. ನನ್ನ ಪ್ರಕಾರ ಹಸು ಮಾರಿ, ಹೊಲ ಗುತ್ತಿಗೆಗೆ ಕೊಟ್ಟು, ಅಣ್ಣನಿಗೆ ಪೂರ್ತಿ ರೆಸ್ಟ್ ಕೊಡಿಸಬೇಕು. ಹೊಲದ ಸುದ್ದಿಯನ್ನೇ ಅವರ ಮುಂದೆ ಎತ್ತಬಾರದು. ಸರಿ ತಾನೇ?

ಉತ್ತರ: ಅಣ್ಣನನ್ನು ಕೇಳಿದ್ದೀರಾ?

ನಮ್ಮಪ್ಪನೂ ರೈತರೇ. ಕೊನೆಯ ವರ್ಷ ಎದ್ದು ಓಡಾಡುತ್ತಿರಲಿಲ್ಲ. ಪಕ್ಕದ ಮನೆಯವರು ನೀರು ಹಾಯಿಸುತ್ತಿದ್ದರು, ಅಪ್ಪನಿಗೆ ತೊಂದರೆ ಕೊಡಬಾರದು ಅಂತ ಒಂದು ಮಾತೂ ಕೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿದ್ದವರು ತಲೆ ಎತ್ತಿ, "ಮೋಟರ್ ಗಾಳಿ ಎಳೀತಾ ಇದೆ, ಫುಟ್‌ವಾಲ್ವ್ ಹೋಗಿದೆ, ಆಫ್ ಮಾಡೋಕೆ ಹೇಳು" ಅಂದರು. ಹೋಗಿ ನೋಡಿದರೆ ಹೌದು, ವಾಲ್ವ್‌ನಲ್ಲಿ ಕಸ ಸಿಕ್ಕಿಕೊಂಡು ಪೈಪಿನ ನೀರೆಲ್ಲ ವಾಪಸ್ ಇಳಿದಿತ್ತು. ಆವತ್ತಿನಿಂದ ಪಕ್ಕದ ಮನೆಯವರು ದಿನಾ ಸಂಜೆ ಬಂದು ಮಂಚದ ಪಕ್ಕ ಕೂತು "ನಾಳೆ ಯಾವ ತಾಕಿಗೆ ಬಿಡಲಿ ಅಣ್ಣಾ?" ಅಂತ ಕೇಳುತ್ತಿದ್ದರು. ಐದು ನಿಮಿಷದ ಮಾತು. ಅಪ್ಪ ಅದಕ್ಕಾಗಿ ಮಧ್ಯಾಹ್ನದಿಂದಲೇ ಕಾಯುತ್ತಿದ್ದರು.

ಮಾರುವುದೇ ತಪ್ಪು ಅಂತಲ್ಲ. ನಾಲ್ಕರಲ್ಲಿ ಎರಡು ಸಾಕು ಅನ್ನಿಸಬಹುದು, ಗುತ್ತಿಗೆಯೇ ಸರಿ ಅನ್ನಿಸಬಹುದು. ಅದನ್ನು ಅಣ್ಣ, ಅತ್ತಿಗೆ ಹೇಳಲಿ. ಹೊಲ ಮಾರುವ ಮಾತಂತೂ ಮೊದಲ ತಿಂಗಳುಗಳಲ್ಲಿ ಬೇಡ. ಅದಕ್ಕೂ ಮೊದಲು ಡಾಕ್ಟರ ಎದುರು ಕೂತು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಚಿಕಿತ್ಸೆ ರೋಗವನ್ನು ವಾಸಿ ಮಾಡಲಿಕ್ಕಾ, ಹತೋಟಿಯಲ್ಲಿಡಲಿಕ್ಕಾ? ಕೇಳಲು ಎಲ್ಲರಿಗೂ ಹೆದರಿಕೆ. ಕೇಳದೇ ಹೊಲ ಮಾರಿದ ಮನೆಗಳನ್ನು ನಾನು ನೋಡಿದ್ದೇನೆ.

ಪ್ರಶ್ನೆ: ದುಡ್ಡು ಕೂಡಿಸುವುದು ಹೇಗೆ? ಫೋಟೋ, ರಿಪೋರ್ಟ್ ಎಲ್ಲ ಹಾಕಿದರೆ ಜನ ನಂಬುತ್ತಾರೆ ಅಂತ ಹುಡುಗರು ಹೇಳುತ್ತಿದ್ದಾರೆ.

ಉತ್ತರ: ರಿಪೋರ್ಟ್ ಅವರ ಸ್ವತ್ತು. ಅವರು ಹೂಂ ಅಂದರೂ ಹಾಸಿಗೆ ಮೇಲಿನ ಫೋಟೋ ಬೇಡ ಅನ್ನುತ್ತೇನೆ ನಾನು, ನಾಳೆ ಆ ಮಗ ಕ್ಲಾಸಿನಲ್ಲಿ ಕೂರಬೇಕಲ್ಲ. ದುಡ್ಡು ಇಬ್ಬರ ಕೈಯಲ್ಲಿರಲಿ, ಬಂದದ್ದು ಹೋದದ್ದು ಬರೆದು ಅತ್ತಿಗೆಗೆ ತೋರಿಸಿ. ಎಲ್ಲವನ್ನೂ ಮೊದಲ ತಿಂಗಳೇ ಕೊಟ್ಟು ಮುಗಿಸಬೇಡಿ. ಆರಂಭದಲ್ಲಿ ಎಲ್ಲರಿಗೂ ಮನಸ್ಸು ಕರಗಿರುತ್ತದೆ, ಆರನೇ ತಿಂಗಳಿಗೆ ಯಾರಿಗೂ ನೆನಪಿರುವುದಿಲ್ಲ, ಓಡಾಟದ ಖರ್ಚು ಮಾತ್ರ ಹಾಗೇ ಇರುತ್ತದೆ.

ಈ ಚಿಂತೆಗೂ ನೋವಿಗೂ ನಂಟಿದೆ, ಅದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆಯ ಮನೆ) ತೆರೆದ ಸಿಸಿಲಿ ಸಾಂಡರ್ಸ್ ನರ್ಸ್ ಆಗಿದ್ದವರು, ಸೋಷಿಯಲ್ ವರ್ಕರ್ ಆಗಿದ್ದವರು, ಆಮೇಲೆ ಡಾಕ್ಟರ್ ಆದವರು. ಮೈನೋವು, ಮನಸ್ಸಿನ ನೋವು, ಮನೆ ದುಡ್ಡಿನ ಚಿಂತೆ, ಯಾಕೆ ನನಗೇ ಹೀಗೆ ಅನ್ನುವ ಸಂಕಟ, ಎಲ್ಲ ಸೇರಿ ಒಂದೇ ನೋವು ಅಂತ ಅವರು ಹೇಳಿದರು. ಅದಕ್ಕೆ ಟೋಟಲ್ ಪೇನ್ ಅಂತ ಹೆಸರಿಟ್ಟರು. ಸಾಲದವರು ಬಂದು ಹೋದ ರಾತ್ರಿ ಅದೇ ಮಾತ್ರೆ ಸಾಲದೆ ಒದ್ದಾಡುವ ರೋಗಿಗಳು ನಮಗೆ ಸಿಗುತ್ತಲೇ ಇರುತ್ತಾರೆ.

ಪ್ರಶ್ನೆ: ನಾನು ಇಲ್ಲಿ ಹೆಸರು ಹೇಳುವುದಿಲ್ಲ. ನನ್ನ ಗಂಡನಿಗೂ ಹೀಗೇ ಆಗಿತ್ತು. ಬಂದವರೆಲ್ಲ ನನ್ನನ್ನು ಹಿಡಿದುಕೊಂಡು ಅಳುತ್ತಿದ್ದರು, ನಾನೇ ಅವರಿಗೆ ನೀರು ಕೊಟ್ಟು ಸಮಾಧಾನ ಮಾಡಬೇಕಿತ್ತು. ಯಾರ ಚಿಕ್ಕಪ್ಪನಿಗೆ ಏನಾಗಿತ್ತು, ಎಷ್ಟು ದಿನ ಬದುಕಿದರು, ಎಲ್ಲ ಕೇಳಿಸಿಕೊಂಡೆ. ಇದನ್ನೂ ಒಂದು ಮಾತು ಹೇಳಿ ಸಿಸ್ಟರ್.

ಉತ್ತರ: ಅಕ್ಕಾ, ಬರೆದದ್ದು ಒಳ್ಳೆಯದಾಯಿತು. ಸುಸಾನ್ ಸಿಲ್ಕ್ ಅನ್ನುವ ಮನಶ್ಶಾಸ್ತ್ರಜ್ಞೆ 2013ರಲ್ಲಿ ಒಬ್ಬ ಗೆಳೆಯರ ಜೊತೆ ಸೇರಿ ಒಂದು ಸುಲಭದ ಲೆಕ್ಕ ಹೇಳಿದರು. ನೆಲದ ಮೇಲೆ ವೃತ್ತ ಎಳೆಯಿರಿ, ನಡುವೆ ರೋಗಿ. ಅದರ ಸುತ್ತ ಹೆಂಡತಿ ಮಕ್ಕಳು, ಆಮೇಲೆ ನೆಂಟರು, ಆಮೇಲೆ ನೀವು ನಾವು. ಸಮಾಧಾನ ಒಳಗಿನ ಕಡೆಗೆ ಹೋಗಬೇಕು, ಅಳು ಗೋಳು ಹೊರಗಿನ ಕಡೆಗೆ. ನೆರೆಮನೆಯವರೇ, ಅತ್ತಿಗೆ ನಿಮ್ಮ ಮುಂದೆ ಅಳಬಹುದು, ನೀವು ಅವರ ಮುಂದೆ ಅಳಬಾರದು. ಅಳು ಬಂದರೆ ನಿಮ್ಮ ಮನೆಗೆ ಬಂದು ಅಳಿ. ನೆಗಡಿ, ಕೆಮ್ಮು ಇರುವವರು ಆ ಮನೆ ಹೊಸ್ತಿಲನ್ನೂ ತುಳಿಯಬೇಡಿ, ಫೋನ್ ಸಾಕು.

ಪ್ರಶ್ನೆ: ಮಗ ಎರಡು ವಾರದಿಂದ ಸ್ಕೂಲಿಗೆ ಹೋಗುತ್ತಿಲ್ಲ. ಬೆಳಿಗ್ಗೆ ಹಸು, ಆಮೇಲೆ ಹೊಲ. ಜವಾಬ್ದಾರಿ ಬಂತು ಅಂತ ನಾವೆಲ್ಲ ಹೊಗಳುತ್ತಿದ್ದೆವು.

ಉತ್ತರ: ಹೊಗಳುವುದು ನಿಲ್ಲಿಸಿ. ನಾಳೆ ಬೆಳಗಿನ ಹಾಲು ನಿಮ್ಮದು. ಪಾಳಿ ಹಾಕುವಾಗ ಅವನು ಸ್ಕೂಲಿಗೆ ಹೊರಡುವ ಹೊತ್ತನ್ನೇ ಮೊದಲು ತುಂಬಿ, ಉಳಿದದ್ದು ಆಮೇಲೆ. ಸಂಜೆ ಬಂದು ಒಂದು ಹಸು ಕರೆದರೆ ಕರೆಯಲಿ, ಅಪ್ಪನಿಗೆ ನಾನೂ ಏನೋ ಮಾಡಿದೆ ಅನ್ನುವುದು ಅವನಿಗೂ ಬೇಕು. ಅಪ್ಪನ ಕಾಯಿಲೆ ಏನು ಅಂತ ಅವನಿಗೆ ನೇರವಾಗಿ ಹೇಳಿದ್ದಾರಾ, ಅತ್ತಿಗೆಯನ್ನು ಕೇಳಿ ನೋಡಿ. ಬಾಗಿಲ ಸಂದಿಯಲ್ಲಿ ಅರ್ಧ ಕೇಳಿಸಿಕೊಂಡ ಮಕ್ಕಳ ಹೆದರಿಕೆ ಯಾವಾಗಲೂ ಜಾಸ್ತಿ.

ಪಾಳಿ ಅಂದಾಗ, ಯಾರೂ ದಿನಾ ಬರುತ್ತೇನೆ ಅಂತ ಮಾತು ಕೊಡಬೇಡಿ. ತಿಂಗಳಲ್ಲಿ ಸುಸ್ತಾಗಿ ಬಿಡುತ್ತೀರಿ. ಕೇರಳದ ಪ್ಯಾಲಿಯೇಟಿವ್ ಕೇರ್, ಅಂದರೆ ದೊಡ್ಡ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆ, ನಿಂತಿರುವುದೇ ಊರಿನ ಜನರ ಮೇಲೆ. ಅಲ್ಲಿನ ನೆರೆಹೊರೆ ಗುಂಪುಗಳು ಶುರುವಿನಲ್ಲಿ ಒಬ್ಬೊಬ್ಬರಿಂದ ಕೇಳಿದ್ದು ವಾರಕ್ಕೆ ಎರಡು ಗಂಟೆ. 2008ರಲ್ಲಿ ಸರ್ಕಾರವೇ ಅದಕ್ಕೊಂದು ನೀತಿ ಮಾಡಿತು. ನೀವು ಏಳೆಂಟು ಮನೆ ಇದ್ದೀರಿ, ಒಬ್ಬರು ಲೆಕ್ಕ ಇಡಲಿ, ಅತ್ತಿಗೆ ಅವರೊಬ್ಬರ ಹತ್ತಿರ ಮಾತಾಡಿದರೆ ಸಾಕು ಅನ್ನುವ ಹಾಗಿರಲಿ.

ಪ್ರಶ್ನೆ (ಮೊದಲು ಕೇಳಿದವರು, ಎರಡು ದಿನದ ನಂತರ): ಸಿಸ್ಟರ್, ಪಾಳಿ ಶುರುವಾಯಿತು, ಹುಡುಗ ಸ್ಕೂಲಿಗೆ ಹೋದ. ಆದರೆ ಹಿರೀ ಹಸು ನನಗೆ ಹಾಲು ಇಳಿಸುತ್ತಿಲ್ಲ. ಅಣ್ಣ ಹಾಸಿಗೆಯಿಂದಲೇ ನಗುತ್ತಾರೆ.

ಉತ್ತರ: ನಗಲಿ ಬಿಡಿ! ಹೊಸಬರನ್ನು ಕಂಡು ಹೆದರಿದ ಹಸು ಸೊರ ಬಿಡುವುದಿಲ್ಲ. ಅಣ್ಣ ಕೀಮೋ ಶುರುವಾಗುವ ಮೊದಲು ಕೊಟ್ಟಿಗೆಗೆ ಹಾಕಿಕೊಳ್ಳುತ್ತಿದ್ದ ಹಳೇ ಶರ್ಟ್ ಅಲ್ಲೇ ಎಲ್ಲೋ ಮೊಳೆಗೆ ನೇತಾಡುತ್ತಿರುತ್ತದೆ, ಅದನ್ನು ಹಾಕಿಕೊಂಡು ಹೋಗಿ ನೋಡಿ. ಅವರು ಹೇಗೆ ಕರೆಯುತ್ತಿದ್ದರು, ಏನು ಅಂತ ಮಾತಾಡಿಸುತ್ತಿದ್ದರು ಅಂತಲೂ ಅವರನ್ನೇ ಕೇಳಿ. ಶರ್ಟ್ ಒಗೆಯಬೇಡಿ, ಹಾಗಂತ ಅದನ್ನು ಹಾಕಿಕೊಂಡು ಅವರ ಕೋಣೆಗೂ ಹೋಗಬೇಡಿ.