ಸಾಂಕವಾಳದ ಇಗರ್ಜಿ, ಮುಡಿಪು ಗುಡ್ಡೆಯ ಒರತೆ: ಕಥೆ ಎಷ್ಟು, ಚರಿತ್ರೆ ಎಷ್ಟು?

ಪ್ರಶ್ನೆ (ಜುವಾರಿನಗರದಿಂದ)

ನಮಸ್ಕಾರ. ನಾನು ಮಂಗಳೂರು ಸೀಮೆಯವನು. ಕೆಲಸದ ನಿಮಿತ್ತ ಗೋವಾದ ಜುವಾರಿನಗರಕ್ಕೆ ಬಂದು ನೆಲೆಸಿ ಹನ್ನೊಂದು ವರ್ಷಗಳಾದವು. ಕಳೆದ ಭಾನುವಾರ ಮಗಳೊಂದಿಗೆ ಸಾಂಕವಾಳದ ಹಳೆಯ ಇಗರ್ಜಿಯನ್ನು (ಚರ್ಚನ್ನು) ನೋಡಲು ಹೋಗಿದ್ದೆ. ಬೆಂಕಿಗೆ ಆಹುತಿಯಾದ ಆ ಕಟ್ಟಡದಲ್ಲಿ ಈಗ ಉಳಿದಿರುವುದು ಮುಂಗೋಡೆ ಮಾತ್ರ. ಬಾಗಿಲೇನೋ ಇದೆ, ಅದರಾಚೆ ಒಳಗೆಂಬುದೇ ಇಲ್ಲ. ಹುಲ್ಲು ಮತ್ತು ಬಯಲು. ಅಲ್ಲಿದ್ದ ಹಿರಿಯರೊಬ್ಬರು ಇದು ಸಂತ ಜುಜೆ ವಾಜರ (ಜೋಸೆಫ್ ವಾಜರ) ಇಗರ್ಜಿ ಎಂದಾಗ ನನಗೆ ಅಜ್ಜಿಯ ಮಾತು ನೆನಪಾಯಿತು.

ಅಜ್ಜಿ ಹೇಳುತ್ತಿದ್ದುದು ಹೀಗೆ: ಒಂದು ರಾತ್ರಿ ಕೆಲವರು ಬಂದು, ರೋಗಿಯೊಬ್ಬರು ಸಾವಿನ ಅಂಚಿನಲ್ಲಿದ್ದಾರೆಂದು ಸುಳ್ಳು ಹೇಳಿ ಪಾದ್ರಿಯನ್ನು ಮಂಗಳೂರು ಸೀಮೆಯ ಮುಡಿಪು ಗುಡ್ಡೆಗೆ ಕರೆದೊಯ್ದರು. ಕೊಲ್ಲಲು ಸುತ್ತುವರಿದಾಗ ಪಾದ್ರಿ ಕೋಲನ್ನು ನೆಲಕ್ಕೂರಿ ಬಂಡೆಯ ಮೇಲೆ ಮೊಣಕಾಲೂರಿದರು. ಕೋಲು ತಾಗಿದಲ್ಲಿ ಒಂದು, ಮೊಣಕಾಲು ತಾಗಿದಲ್ಲಿ ಎರಡು, ಒಟ್ಟು ಮೂರು ಒರತೆಗಳು ಚಿಮ್ಮಿದವು. ಬಂದವರು ಬೆದರಿ ಓಡಿದರು.

ಆ ಮಧ್ಯಯುಗದ ಪಾದ್ರಿಯೂ ಸಾಂಕವಾಳದ ಈ ಸಂತರೂ ಒಬ್ಬರೇ ಹೌದೇ? ಗೋವಾದವರು ನಮ್ಮೂರಿಗೆ ಬಂದದ್ದಾದರೂ ಏಕೆ? ಮಗಳು ಇದು ನಿಜವಾಗಿ ನಡೆದದ್ದೇ ಎಂದು ಕೇಳುತ್ತಿದ್ದಾಳೆ. ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1 (ಮಡಗಾಂವಿನಿಂದ)

ಒಬ್ಬರೇ, ಅನುಮಾನವಿಲ್ಲ. ಆದರೆ ಅವರನ್ನು ಮಧ್ಯಯುಗಕ್ಕೆ ಸೇರಿಸಲಾಗದು. ಅವರು 1651ರ ಏಪ್ರಿಲ್ 21ರಂದು ತಾಯಿಯ ಊರಾದ ಬಾಣಾವಳಿಯಲ್ಲಿ ಹುಟ್ಟಿದರು. ಸಾಂಕವಾಳ ತಂದೆಯ ಊರು. 1676ರಲ್ಲಿ ಗುರುದೀಕ್ಷೆಯಾಯಿತು. 1681ರಿಂದ 1684ರವರೆಗೆ ಕೆನರಾದಲ್ಲಿ, ಅಂದರೆ ಇಂದಿನ ಕರ್ನಾಟಕದ ಕರಾವಳಿಯಲ್ಲಿದ್ದರು. ಆಗ ಕರಾವಳಿಯನ್ನು ಆಳುತ್ತಿದ್ದವಳು ಕೆಳದಿಯ ಚೆನ್ನಮ್ಮ ಎಂದರೆ ನಮ್ಮವರಿಗೆ ಕಾಲ ತಟ್ಟನೆ ಹೊಳೆಯುತ್ತದೆ.

ಅವರನ್ನು ಕಳುಹಿಸಿದ್ದು ಸುಲಭದ ಕೆಲಸಕ್ಕಲ್ಲ. ಪೋರ್ಚುಗಲ್ ದೊರೆಯ ಪೋಷಕಾಧಿಕಾರಕ್ಕೆ (ಬಿಷಪರನ್ನು ಸೂಚಿಸುವ ಹಕ್ಕಿಗೆ) ಒಳಪಟ್ಟ ಗೋವಾದ ಧರ್ಮಾಧಿಕಾರಿಗಳಿಗೂ ರೋಮಿನಿಂದ ನೇರವಾಗಿ ನೇಮಕಗೊಂಡ ಬಿಷಪ್ ತೋಮಸ್ ದ ಕಾಸ್ತ್ರೊ ಅವರಿಗೂ ಕೆನರಾದ ಕ್ರೈಸ್ತರು ಯಾರ ಅಧೀನರೆಂಬ ವ್ಯಾಜ್ಯವಿತ್ತು. ಯಾರ ಕೈಯಿಂದ ಸಂಸ್ಕಾರ ಪಡೆಯಬೇಕೆಂಬುದೇ ಜನರಿಗೆ ತಿಳಿಯದಾಗಿತ್ತು. ಅಂಥಲ್ಲಿಗೆ ಹೋದ ಮೂವತ್ತರ ಈ ಯುವಕ ಶಾಲೆಗಳನ್ನು ತೆರೆದರು, ಸೆರೆಯಾಳುಗಳನ್ನು ಹಣ ಕೊಟ್ಟು ಬಿಡಿಸಿದರು. ಅಲ್ಲಿನ ಕ್ರೈಸ್ತರಲ್ಲಿ ಬಹುಮಂದಿ ಗೋವಾದಿಂದ ಹೋದ ಕೊಂಕಣಿಗರಾದ್ದರಿಂದ ಭಾಷೆಯ ಗೋಡೆ ಇರಲಿಲ್ಲ. ನನ್ನ ಮಟ್ಟಿಗೆ ಅವರ ಬದುಕಿನ ಈ ಮೂರು ವರ್ಷಗಳಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಎಲ್ಲರೂ 1687ರಲ್ಲಿ ಅವರು ವೇಷ ಮರೆಸಿಕೊಂಡು ಶ್ರೀಲಂಕಾಕ್ಕೆ ಹೋದದ್ದನ್ನೇ ಹೇಳುತ್ತಾರೆ.

ಉತ್ತರ 2 (ವಾಸ್ಕೋದಿಂದ)

ನೀವು ನಿಂತಿದ್ದ ಜಾಗದ ಬಗ್ಗೆ ಒಂದು ಮಾತು. ಅದು ಆರೋಗ್ಯ ಮಾತೆಯ ಇಗರ್ಜಿ. 1677ರ ಆಗಸ್ಟ್ 5ರಂದು ಜುಜೆ ವಾಜರು ತಮ್ಮನ್ನು ಮಾತೆ ಮರಿಯಳ ಗುಲಾಮನೆಂದು ಬರೆದುಕೊಟ್ಟ ಪತ್ರ ಈ ಇಗರ್ಜಿಯೊಂದಿಗೆ ಬೆಸೆದುಕೊಂಡಿದೆ. ಮನುಷ್ಯರನ್ನು ಕೊಂಡು ಮಾರುತ್ತಿದ್ದ ಕಾಲವದು. ಆ ಪದದ ಭಾರ ಅರಿತೇ ಅವರು ಅದನ್ನು ತಮಗೆ ಹಚ್ಚಿಕೊಂಡರು, ನಾಲ್ಕೈದು ವರ್ಷಗಳಲ್ಲಿ ಕೆನರಾದಲ್ಲಿ ಗುಲಾಮರನ್ನು ಬಿಡಿಸುತ್ತಿದ್ದರು. ಮಗಳಿಗೆ ಒರತೆಯ ಕಥೆಯೊಡನೆ ಇದನ್ನೂ ಹೇಳಿ.

ಉತ್ತರ 3 (ಪಣಜಿಯಿಂದ)

ನನ್ನ ತವರು ಮುಡಿಪಿಗೆ ಹತ್ತಿರ. ಆ ಗುಡ್ಡೆಯಲ್ಲಿ ಈಗ ಸಂತರ ಪುಣ್ಯಕ್ಷೇತ್ರವಿದೆ. ಚಿಕ್ಕವಳಿದ್ದಾಗ ಅಮ್ಮ ಅಲ್ಲಿಂದ ತಂದ ನೀರನ್ನು ಬಾಟಲಿಯಲ್ಲಿ ತುಂಬಿಸಿ, ಪರೀಕ್ಷೆಯ ದಿನ ಬೆಳಿಗ್ಗೆ ಒಂದು ಗುಟುಕು ಕುಡಿಸುತ್ತಿದ್ದರು.

ನಮ್ಮ ಕಡೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ. ಅಡಿಯ ಶೇಡಿ ಮಣ್ಣು (ಜೇಡಿಮಣ್ಣು) ಅದನ್ನು ತಡೆಯುವುದರಿಂದ ಗುಡ್ಡದ ಇಳಿಜಾರಿನಲ್ಲಿ ನೀರು ಒಸರುವುದು ಸಾಮಾನ್ಯ. ಆದ್ದರಿಂದ ನೀರಿರುವುದೇ ಪವಾಡಕ್ಕೆ ಸಾಕ್ಷಿಯೆಂದು ನಾನು ವಾದಿಸುವುದಿಲ್ಲ. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರು ಜುಜೆ ವಾಜರನ್ನು ಸಂತರೆಂದು ಘೋಷಿಸಿದಾಗಲೂ, ವಾಡಿಕೆಯಂತೆ ಬೇಕಾಗಿದ್ದ ಎರಡನೆಯ ಪವಾಡವನ್ನು ಬಿಟ್ಟುಕೊಟ್ಟೇ ಘೋಷಿಸಿದ್ದು. ಆದರೆ ನಡುರಾತ್ರಿ ಅಪರಿಚಿತರು ಕರೆದರೆ ಈ ಪಾದ್ರಿ ಎದ್ದು ಹೊರಡುತ್ತಾರೆಂಬ ಜನರ ನಂಬಿಕೆ ಸುಮ್ಮನೆ ಹುಟ್ಟುವಂಥದ್ದಲ್ಲ. ಕಥೆಯಲ್ಲಿ ನನಗೆ ಗಟ್ಟಿಯಾಗಿ ಕಾಣುವುದು ಅದೇ.

ಇನ್ನೊಂದು ವಿನಂತಿ. ಕೊಲ್ಲಲು ಬಂದವರು ಯಾವ ಜಾತಿ, ಯಾವ ಮತ ಎಂದು ಈಚೆಗೆ ಕೆಲವರು ಸೇರಿಸಿ ಹೇಳುತ್ತಾರೆ. ನನ್ನ ಅಮ್ಮ ಹಾಗೆಂದೂ ಹೇಳಿದವರಲ್ಲ. ದಯವಿಟ್ಟು ಮಗುವಿಗೆ ಅದನ್ನು ಸೇರಿಸಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನನ್ನ ಅಜ್ಜಿಯೂ "ಯಾರೋ ಕೆಲವರು" ಎಂದಷ್ಟೇ ಹೇಳುತ್ತಿದ್ದರು, ಅಕ್ಕಾ. ಡಿಸೆಂಬರ್ ರಜೆಯಲ್ಲಿ ಮಗಳನ್ನು ಮುಡಿಪಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ನೀರು ತುಂಬಿಸಲು ಬಾಟಲಿಯನ್ನು ಅವಳು ಈಗಲೇ ತೊಳೆದಿಟ್ಟಿದ್ದಾಳೆ.