ಮಿಶ್ರ ಸಾಫ್ಟ್‌ಬಾಲ್: ಸ್ನೇಹದ ಎದುರಾಳಿಗಳ ವಾಕ್ ತಂತ್ರ ಸರಿಯೇ?

ಪ್ರಶ್ನೆ:
ಕ್ಯಾಲಿಫೋರ್ನಿಯಾದ ನಮ್ಮ ಊರಿನಲ್ಲಿ ನಡೆಯುವ ಸ್ತ್ರೀ-ಪುರುಷರ ಮಿಶ್ರ ಸ್ಲೋ-ಪಿಚ್ (ಚೆಂಡನ್ನು ನಿಧಾನವಾಗಿ ಕಮಾನಿನಂತೆ ಎಸೆಯುವ ಸಾಫ್ಟ್‌ಬಾಲ್) ಲೀಗಿನಲ್ಲಿ ಪಕ್ಕದ ಕಚೇರಿಯ ತಂಡ ನಮಗೆ ಬಹುಕಾಲದ ಎದುರಾಳಿ. ಪಂದ್ಯ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಊಟ ಮಾಡುವಷ್ಟು ಸಲುಗೆಯಿದೆ. ಈ ಸಲ ಅವರ ಪಿಚರ್ (ಚೆಂಡೆಸೆಯುವವರು) ನಮ್ಮ ಬಲಿಷ್ಠ ಪುರುಷ ಬ್ಯಾಟರ್‌ಗೆ ಬೇಕೆಂದೇ ವಾಕ್ ಕೊಟ್ಟು, ಅಂದರೆ ಹೊಡೆಯಲಾಗದಂತೆ ಚೆಂಡೆಸೆದು ಅವನನ್ನು ಹೊಡೆಯದೆಯೇ ಬೇಸಿಗೆ (ಓಟದ ನಿಲ್ದಾಣಕ್ಕೆ) ಕಳಿಸಿ, ಮುಂದಿನ ಸರದಿಯ ಮಹಿಳೆಯನ್ನು ಔಟ್ ಮಾಡುವ ಲೆಕ್ಕ ಹಾಕಿದರು. ನಿಯಮ ಇದನ್ನು ಒಪ್ಪುತ್ತದೆಯೇ?

ಉತ್ತರ 1:
ವಾಕ್ ಕೊಡಬಹುದು, ಆದರೆ ಅದಕ್ಕೆ ಬೆಲೆ ತೆರಬೇಕು. ಅಮೆರಿಕದ ಸಾಫ್ಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಎಸ್‌ಎ ಸಾಫ್ಟ್‌ಬಾಲ್‌ನ ನಿಯಮದಂತೆ ಮಿಶ್ರ ಸ್ಲೋ-ಪಿಚ್‌ನಲ್ಲಿ ಪುರುಷ ಬ್ಯಾಟರ್‌ಗೆ ವಾಕ್ ಸಿಕ್ಕರೆ, ಅದು ಉದ್ದೇಶಪೂರ್ವಕವಾಗಿರಲಿ ಇಲ್ಲದಿರಲಿ, ಎರಡು ಬೇಸ್ ದೊರೆಯುತ್ತವೆ. ಅಷ್ಟರಲ್ಲಿ ಇಬ್ಬರು ಔಟಾಗಿದ್ದರೆ ಮುಂದಿನ ಮಹಿಳೆ ಬ್ಯಾಟ್ ಮಾಡಬಹುದು ಅಥವಾ ತಾನೂ ವಾಕ್ ಪಡೆಯಬಹುದು. ಸ್ಥಳೀಯ ಲೀಗುಗಳು ಇದನ್ನು ಬದಲಿಸಿಕೊಂಡಿರುವುದುಂಟು, ಆದ್ದರಿಂದ ನಿಮ್ಮ ಲೀಗಿನ ನಿಯಮಪತ್ರವನ್ನು ಓದಿಕೊಳ್ಳಿ.

ಉತ್ತರ 2:
ನಾನು ಇಂತಹ ಸಂದರ್ಭದಲ್ಲಿ ಬ್ಯಾಟ್ ಹಿಡಿದು ನಿಲ್ಲುವವಳು, ಮತ್ತು ವಾಕ್ ಸಿಗುವಂತಿದ್ದರೂ ಹೊಡೆಯುವುದನ್ನೇ ಆರಿಸಿಕೊಳ್ಳುತ್ತೇನೆ. ನಾನು ಬಂದೊಡನೆ ಔಟ್‌ಫೀಲ್ಡಿನವರು ನಾಲ್ಕು ಹೆಜ್ಜೆ ಮುಂದೆ ಬರುತ್ತಾರೆ. ಮಹಿಳೆಯರಿಗೆ ಎಸೆಯುವ 11 ಇಂಚು ಸುತ್ತಳತೆಯ ಚೆಂಡು ಪುರುಷರ 12 ಇಂಚಿನದಕ್ಕಿಂತ ಚಿಕ್ಕದಾದ್ದರಿಂದ, ಬ್ಯಾಟಿನ ನಡುಭಾಗಕ್ಕೆ ತಗುಲಿದರೆ ಸಲೀಸಾಗಿ ಅವರ ತಲೆಯ ಮೇಲಿಂದ ಹಾರಿಹೋಗುತ್ತದೆ. ನಿಮ್ಮ ಆಟಗಾರ್ತಿಗೆ ಆ ಅಭ್ಯಾಸ ಮಾಡಿಸಿ.

ಉತ್ತರ 3:
ಗೆಳೆತನವಿದೆಯೆಂದು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ. ಮುಂದಿನ ಪಂದ್ಯಕ್ಕೆ ಮೊದಲು ಅಂಪೈರ್ ಎದುರಿನಲ್ಲೇ ಇಬ್ಬರು ನಾಯಕರೂ ಈ ನಿಯಮವನ್ನು ಸ್ಪಷ್ಟಪಡಿಸಿಕೊಳ್ಳಲಿ.